ಮುಳ್ಳಯ್ಯನಗಿರಿಗೆ ಎಷ್ಟು ಕಾರು?



ಮೊನ್ನೆ ಮುಳ್ಳಪ್ಪಸ್ವಾಮಿಯ ಗದ್ದುಗೆಗೆ ಹೋಗಿದ್ದೆವು. 1930 ಮೀಟರ್ ಎತ್ತರದ ಆ ನೆತ್ತಿಯ ಕೆಳಗೆ ಬೆಳಗ್ಗೆ ಎಂಟಕ್ಕೇ ಕಾರುಗಳ ಸಾಲು. ಮೆಟ್ಟಿಲು ಬಿಟ್ಟು ಅಡ್ಡದಾರಿ ಹಿಡಿದವರ ಕಾಲಿಗೆ ಸಿಕ್ಕಿ ಹುಲ್ಲು ಸತ್ತು, ಕೆಮ್ಮಣ್ಣು ಗಾಯದಂತೆ ತೆರೆದುಕೊಂಡಿತ್ತು.

ಬೇರೆಯವರನ್ನು ದೂರುವ ಮುನ್ನ ನನ್ನದನ್ನು ಹೇಳಿಬಿಡುತ್ತೇನೆ. ಸೇವೆಯಲ್ಲಿದ್ದಾಗ ಇಂಥದೇ ಒಂದು ಗಿರಿರಸ್ತೆಯ ಅಗಲೀಕರಣಕ್ಕೆ ಅಂದಾಜುಪಟ್ಟಿ ಮಾಡಿದವನು ನಾನೇ. ದಟ್ಟಣೆ ತಗ್ಗುತ್ತದೆ ಎಂದು ಟಿಪ್ಪಣಿ ಬರೆದಿದ್ದೆ. ಇಳಿಜಾರಿನ ಬುಡ ಕಡಿದೆವು. ಎರಡನೇ ಮಳೆಗಾಲಕ್ಕೆ ಗುಡ್ಡ ಜಾರಿ ಚರಂಡಿ ಮುಚ್ಚಿತು; ತಡೆಗೋಡೆಗೆ ಇನ್ನೊಂದು ಅಂದಾಜು. ದಟ್ಟಣೆಯೇನೂ ತಗ್ಗಲಿಲ್ಲ, ಅಗಲವಾದಷ್ಟೂ ವಾಹನ ಬಂದವು.

ಇದು ನೋಟದ ಪ್ರಶ್ನೆಯಷ್ಟೇ ಅಲ್ಲ, ನೀರಿನದು. ಮೇಲಿನ ಹುಲ್ಲುಗಾವಲು, ಕಣಿವೆಯ ಶೋಲಾ ಕಾಡು ಮಳೆಯನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುತ್ತವೆ. ಈ ಗಿರಿಸಾಲಿನಲ್ಲಿ ಹುಟ್ಟುವ ವೇದಾ, ಅವತಿ ಸೇರಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹರಿಯುತ್ತವೆ. ಇಲ್ಲಿ ಕೊಚ್ಚಿದ ಮಣ್ಣಿನ ಲೆಕ್ಕ ಬಯಲುಸೀಮೆಯ ರೈತನ ಖಾತೆಗೂ ಬೀಳುತ್ತದೆ.

2025ರ ಸೆಪ್ಟೆಂಬರಿನಿಂದ ಜಿಲ್ಲಾಡಳಿತ ಮುಂಗಡ ನೋಂದಣಿ ತಂದು, ಅರ್ಧ ದಿನಕ್ಕೆ 600 ವಾಹನವೆಂದು ಮಿತಿ ಹಾಕಿತು. ಒಳ್ಳೆಯದೇ. ಆದರೆ ದಿನಕ್ಕೆ 1200 ವಾಹನವೆಂದರೆ, ತಲಾ ನಾಲ್ವರಂತೆ ಹಿಡಿದರೂ ಐದು ಸಾವಿರದ ಹತ್ತಿರ ಜನ! ಗುಡ್ಡವನ್ನು ತುಳಿಯುವುದು ಕಾಲು, ಎಣಿಸಬೇಕಾದದ್ದು ತಲೆ.

ಖಾಸಗಿ ಕಾರುಗಳು ಕೆಳಗೇ ನಿಲ್ಲಲಿ. ಅಲ್ಲಿಂದ ಸರ್ಕಾರಿ ಬಸ್ಸು, ಜೊತೆಗೆ ಸ್ಥಳೀಯ ಜೀಪುಗಳಿಗೆ ಸರದಿ. ಜೀಪಿನವರ, ಹೋಂಸ್ಟೇಯವರ ಭಯ ಸುಳ್ಳಲ್ಲ. ಆ ದುಡಿಮೆಯಿಂದಲೇ ಮಕ್ಕಳನ್ನು ಓದಿಸುತ್ತಿದ್ದಾರೆ. ಅದಕ್ಕೇ ಸರದಿಯ ಮೊದಲ ಹಕ್ಕು ಅವರಿಗೇ ಇರಬೇಕು, ಬೆಂಗಳೂರಿನ ಗುತ್ತಿಗೆದಾರನಿಗಲ್ಲ.

ನಮ್ಮವರೇ ಕೆಲವರು, "ನಾವು ಪ್ರವಾಸಿಗರಲ್ಲ, ಭಕ್ತರು, ನಮಗೆ ವಿನಾಯಿತಿ ಬೇಕು" ಎನ್ನುತ್ತಾರೆ. ಭಕ್ತನ ಟೈರು ಹುಲ್ಲನ್ನು ಬಿಟ್ಟು ಓಡುತ್ತದೆಯೇ? ನಡೆಯಲಾರದ ಹಿರಿಯರಿಗೆ, ಅಂಗವಿಕಲರಿಗೆ ವಾಹನ ಬಿಡೋಣ. ಉಳಿದವರು ಬಸ್ಸು ಹತ್ತೋಣ, ಗಟ್ಟಿಯಿದ್ದವರು ಸರ್ಪದಾರಿಯಲ್ಲಿ ನಡೆಯೋಣ.

ಮುಂದಿನ ಯಾತ್ರೆಗೆ ಹನ್ನೊಂದು ಕಾರಿನ ಬದಲು ಒಂದೇ ಬಸ್ಸು ಎಂದು ನಮ್ಮೂರಿನ ಬಳಗದ ಸಭೆಯಲ್ಲಿ ಹೇಳಿದ್ದೇನೆ. ಇಬ್ಬರು ಇನ್ನೂ ಮುನಿಸಿಕೊಂಡಿದ್ದಾರೆ. ಅವರಿಗೂ ಸೀಟು ಹಿಡಿದಿಟ್ಟಿದ್ದೇನೆ.