ಡಬ್ಬಿ ಅಡಗಿಸೋರ ಸಹವಾಸ ಸಾಕಪ್ಪಾ

ಮೊನ್ನೆ ಭಾನುವಾರ ಅಣ್ಣನ ಮಗ ಪವಾಯಿಯಿಂದ ಊಟಕ್ಕೆ ಬಂದಿದ್ದ. ಊಟ ಮುಗಿಸಿ ಕೈ ತೊಳೆದವನೇ, "ಚಿಕ್ಕಪ್ಪಾ, ನಿಮ್ಮ ಹತ್ರ ಹಳೇ ಜಿಪಿಎಸ್ ಒಂದಿತ್ತಲ್ಲ, ಇನ್ನೂ ಇದ್ಯಾ? ನಮ್ಮ ಆಫೀಸಿನವರೆಲ್ಲ ಸೇರಿ ಜಿಯೋಕ್ಯಾಶಿಂಗ್ ಶುರು ಮಾಡ್ತಾ ಇದೀವಿ. ಊರು ತಿಳ್ಕೊಳ್ಳೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ವಂತೆ" ಅಂದ. ಊರು ತಿಳ್ಕೊಳ್ಳೋಕೆ! ನನಗೆ ಮೈಯೆಲ್ಲ ಉರಿದುಹೋಯ್ತು. ಅವನಿಗೆ ಹೇಳಿದ್ದಕ್ಕಿಂತ ಇಲ್ಲಿ ಬರೆಯೋದೇ ಜಾಸ್ತಿ ಆಗುತ್ತೆ, ಯಾಕಂದ್ರೆ ಐಸ್‌ಕ್ರೀಮ್ ಕರಗೋವರೆಗೆ ಮಾತ್ರ ಅವನು ಕೇಳಿದ್ದು.

ಗೊತ್ತಿಲ್ಲದವರಿಗೆ ಎರಡು ಮಾತು. 2000ನೇ ಇಸವಿ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಕ್ಕೆ ಬೇಕಂತಲೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಅಲ್ಲಿವರೆಗೆ ನೂರು ಮೀಟರ್‌ವರೆಗೂ ಆಚೀಚೆ ತೋರಿಸುತ್ತಿದ್ದ ಯಂತ್ರ ರಾತ್ರೋರಾತ್ರಿ ಇಪ್ಪತ್ತು ಮೀಟರ್ ಒಳಗೆ ಬಂತು. ಮರುದಿನವೇ, ಮೇ 3ರಂದು, ಡೇವ್ ಉಲ್ಮರ್ ಅನ್ನೋರು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಲ್ಲಿ ಒಂದು ಬಕೆಟ್ ಅಡಗಿಸಿಟ್ಟು, ಅಕ್ಷಾಂಶ ರೇಖಾಂಶ ಬರೆದು ಎಲ್ಲರಿಗೂ ತಿಳಿಸಿದರು. ಅದರಲ್ಲಿ ಪುಸ್ತಕ, ಕ್ಯಾಸೆಟ್, ಒಂದು ಕವಣೆ, ಒಂದು ಡಬ್ಬ ಬೀನ್ಸ್ ಇತ್ತಂತೆ. ಹುಡುಕಿದವರು ಏನಾದರೂ ತಗೊಂಡು ಏನಾದರೂ ಇಡಬೇಕು, ಅಲ್ಲಿರೋ ಪುಸ್ತಕದಲ್ಲಿ ಹೆಸರು ಬರೀಬೇಕು. ಇಷ್ಟೇ ಆಟ. ಈಗ ಪ್ರಪಂಚದಲ್ಲಿ ಇಂಥ ಡಬ್ಬಿಗಳು ಮೂವತ್ತು ಲಕ್ಷಕ್ಕೂ ಹೆಚ್ಚು.

ನಾನು ಈ ಆಟಕ್ಕೆ ಬಿದ್ದದ್ದು 2004ರಲ್ಲಿ, ಆಫೀಸಿನವರು ಮೂರು ತಿಂಗಳು ಸ್ಯಾನ್ ಹೋಸೆಗೆ ಕಳಿಸಿದಾಗ. ಶನಿವಾರ ಭಾನುವಾರ ಗೋಡೆ ನೋಡ್ಕೊಂಡು ಕೂತಿರುತ್ತಿದ್ದೆ. ಪಕ್ಕದ ಮೇಜಿನವನೊಬ್ಬ ಗುಡ್ಡಕ್ಕೆ ಕರೆದುಕೊಂಡು ಹೋಗಿ, ಹಳದಿ ಬಣ್ಣದ ಗಾರ್ಮಿನ್ ಇಟ್ರೆಕ್ಸ್ ಕೈಗೆ ಕೊಟ್ಟ. ಬಾಣದ ಗುರುತು ಹಿಡಿದು ನಡೆದು ನಡೆದು, ಒಂದು ಓಕ್ ಮರದ ಪೊಟರೆಯಲ್ಲಿ ಸೈನ್ಯದವರ ಗುಂಡಿನ ಹಸಿರು ಪೆಟ್ಟಿಗೆ ಕಂಡಾಗ ಆದ ಖುಷಿ... ಸುಳ್ಳು ಹೇಳಲಾರೆ, ಚಿಕ್ಕಂದಿನಲ್ಲಿ ಅಜ್ಜನ ಮನೆ ಅಟ್ಟದಲ್ಲಿ ಬೆಲ್ಲದ ಡಬ್ಬ ಸಿಕ್ಕಿದಾಗ ಆಗಿತ್ತಲ್ಲ, ಅದೇ. ವಾಪಸ್ ಬರುವಾಗ ಒಂದು ಇಟ್ರೆಕ್ಸ್ ತಂದೆ. ಮನೆಯವಳಿಗೆ ತಂದ ಸೆಂಟಿಗಿಂತ ಅದಕ್ಕೇ ದುಡ್ಡು ಜಾಸ್ತಿ ಆಗಿತ್ತು ಅನ್ನೋದು ಅವಳಿಗೆ ಗೊತ್ತಾಗಿದ್ದು ಆಮೇಲೆ.

ಮುಂಬಯಿಯಲ್ಲಿ ಆಗ ಡಬ್ಬಿಗಳು ಬೆರಳೆಣಿಕೆ. ಇದ್ದದ್ದನ್ನು ಹುಡುಕಿ ಮುಗಿಸಿದ ಮೇಲೆ ನಾನೇ ಇಡೋಕೆ ಶುರು ಮಾಡಿದೆ. ಒಟ್ಟು ಏಳು ಇಟ್ಟೆ. ಅದರಲ್ಲಿ ಮೂರನೆಯದು ನಮ್ಮ ಉಪನಗರದ ಕೆರೆ ಪಕ್ಕದ ಉದ್ಯಾನದಲ್ಲಿ, ಒಂದು ಕಲ್ಲುಬೆಂಚಿನ ಹಿಂದಿನ ಗೋಡೆಯ ಸಂದಿಯಲ್ಲಿ. ಚಿಲಕ ಹಾಕೋ ಪ್ಲಾಸ್ಟಿಕ್ ಡಬ್ಬಿ. ಕಣ್ಣಿಗೆ ಬೀಳಬಾರದಲ್ಲ, ಅದಕ್ಕೆ ಸುತ್ತಲೂ ಕಪ್ಪು ಟೇಪು ಸುತ್ತಿದೆ. ಈ ವಾಕ್ಯವನ್ನು ಮುಂಬಯಿಯವರು ಇನ್ನೊಂದು ಸಲ ಓದಿ. ಕಪ್ಪು ಟೇಪು ಸುತ್ತಿದ ಡಬ್ಬಿ, ಸಾರ್ವಜನಿಕ ಉದ್ಯಾನ, ಗೋಡೆಯ ಸಂದಿ. 2006ರ ಜುಲೈ 11ರಂದು ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದ ಊರು ಇದು. ಸ್ಟೇಷನ್ನಿನಲ್ಲಿ "ಬೇವಾರಸ್ ವಸ್ತು"ಗೆ ಕೈ ಹಚ್ಚಬೇಡಿ ಅಂತ ಮರಾಠಿಯಲ್ಲಿ ಕೂಗ್ತಾರಲ್ಲ, ನಮ್ಮ ಕಿವಿಗೆ ಅದು ಬೈಗುಳದ ಹಾಗೆ ಕೇಳಿ ನಾವು ಕನ್ನಡದವರು ನಗ್ತೀವಲ್ಲ, ಆ ವಸ್ತುವನ್ನೇ ನಾನು ಕೈಯಾರೆ ಮಾಡಿ ಇಟ್ಟು ಬಂದಿದ್ದೆ.

ಈ ಆಟದಲ್ಲಿ ಒಂದು ಪದ ಇದೆ. ಆಟ ಗೊತ್ತಿಲ್ಲದವರನ್ನು 'ಮಗಲ್' ಅಂತಾರೆ. ಹ್ಯಾರಿ ಪಾಟರ್ ಕತೆಯಲ್ಲಿ ಮಂತ್ರವಿದ್ಯೆ ಬಾರದ ಸಾಮಾನ್ಯ ಜನರಿಗೆ ಇರೋ ಹೆಸರು ಅದು. ಮಗಲ್‌ಗಳ ಕಣ್ಣು ತಪ್ಪಿಸಿ ಡಬ್ಬಿ ತೆಗೀಬೇಕು, ತಪ್ಪಿಸಿ ಇಡಬೇಕು. ಡಬ್ಬಿ ಕಾಣೆಯಾದರೆ 'ಮಗಲ್ ಆಯ್ತು' ಅಂತ ಬರೀತಾರೆ, ಕಳ್ಳತನ ಆದ ಧಾಟಿಯಲ್ಲಿ. ಸ್ವಾಮಿ, ಕಸ ಗುಡಿಸೋ ಹೆಂಗಸು ಗೋಡೆ ಸಂದಿಯಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು ಹೋದರೆ ಅವಳು ಅವಳ ಕೆಲಸ ಮಾಡಿದಳು. ಮನೆಗೆ ಒಯ್ದು ಅದರಲ್ಲಿ ಮಸಾಲೆ ತುಂಬಿದರೆ ಜಾಣತನ ಮಾಡಿದಳು. ಆ ಜಾಗಕ್ಕೆ ವರ್ಷಕ್ಕೆ ನಾಲ್ಕು ಸಲ ಹೋಗೋ ನಾನು ಒಳಗಿನವನು, ದಿನಾ ಗುಡಿಸೋ ಅವಳು ಹೊರಗಿನವಳು! ಊರು ಬಿಟ್ಟು ಬಂದು ಇಪ್ಪತ್ತು ವರ್ಷ 'ಹೊರಗಿನವರು' ಅನ್ನಿಸಿಕೊಂಡ ನಮಗೆ ಈ ಲೆಕ್ಕದ ನಾಚಿಕೆಗೇಡು ತಿಳೀಬೇಕಿತ್ತು. ನನಗೆ ತಿಳೀಲಿಲ್ಲ. ತಮಾಷೆ ಅನ್ನಿಸಿತ್ತು.

ಆ ಉದ್ಯಾನಕ್ಕೊಬ್ಬ ವಾಚ್‌ಮನ್ ಇದ್ದ. ವಯಸ್ಸಾದವನು, ಬಿಳಿ ಮೀಸೆ. ಐದು ವರ್ಷ ನಾನು ಅವನ ಕಣ್ಣು ತಪ್ಪಿಸಿದ್ದೇನೆ. ಬೆಂಚಿನ ಮೇಲೆ ಕೂತು ಶೂ ಲೇಸ್ ಕಟ್ಟೋ ನಾಟಕ, ಮೊಬೈಲಿನಲ್ಲಿ ಮಾತಾಡೋ ನಾಟಕ. ಆ ಸುಳ್ಳು ಫೋನಿನಲ್ಲಿ ನಾನು ಮಾತಾಡುತ್ತಿದ್ದದ್ದು ಕನ್ನಡ. ಹೇಗೂ ಅವನಿಗೆ ಅರ್ಥ ಆಗಲ್ಲ ಅನ್ನೋ ಧೈರ್ಯ.

2011ರ ಜುಲೈ 13ರಂದು ದಾದರ್, ಝವೇರಿ ಬಜಾರ್, ಆಪೆರಾ ಹೌಸ್‌ನಲ್ಲಿ ಮತ್ತೆ ಸ್ಫೋಟ ಆಯ್ತು. ಊರೆಲ್ಲ ಹೆದರಿತ್ತು. ನನ್ನ ಡಬ್ಬಿಗಳ ನೆನಪು ನನಗೆ ಬರಲೇ ಇಲ್ಲ ನೋಡಿ! ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ವಾಕಿಂಗ್ ಬಂದ ಯಾರೋ ಆ ಸಂದಿಯಲ್ಲಿ ಕಪ್ಪು ಡಬ್ಬಿ ಕಂಡು ಪೊಲೀಸರಿಗೆ ಫೋನ್ ಮಾಡಿದರು. ನಾಯಿ ಬಂತು, ಗೇಟು ಮುಚ್ಚಿದರು. ತೆಗೆದು ನೋಡಿದರೆ ಒಂದು ಪೆನ್ಸಿಲ್, ಎರಡು ಗೋಲಿ, ಒಂದು ಕೀಚೈನ್, ಒಂದು ನೋಟ್‌ಬುಕ್. ಅಷ್ಟಕ್ಕೇ ಮುಗೀತಿತ್ತೇನೋ, ಆದರೆ ನೋಟ್‌ಬುಕ್ ತುಂಬ ವಿದೇಶಿ ಹೆಸರು, ತಾರೀಖು, ಅರ್ಥವಾಗದ ಸಂಕ್ಷೇಪಗಳು. 'ಟಿಎಫ್‌ಟಿಸಿ' ಅಂದರೆ 'ಡಬ್ಬಿಗೆ ಥ್ಯಾಂಕ್ಸ್' ಅಂತ ಯಾವ ಪೇದೆಗೆ ಗೊತ್ತಿರುತ್ತೆ? ರಾತ್ರಿಪಾಳಿಯಲ್ಲಿದ್ದ ವಾಚ್‌ಮನ್‌ನನ್ನು ಕರೆದುಕೊಂಡು ಹೋದರು. ನಿನ್ನ ಕಣ್ಣೆದುರು ಇದನ್ನ ಯಾರು ಇಟ್ಟರು ಅಂತ ಸಂಜೆವರೆಗೆ ಕೂರಿಸಿದರು. ಮರುದಿನ ಕಂಟ್ರಾಕ್ಟರ್ ಅವನನ್ನು ಕೆಲಸದಿಂದ ತೆಗೆದ.

ನನಗೆ ಇದು ಗೊತ್ತಾಗಿದ್ದು ಮೂರು ದಿನದ ಮೇಲೆ, ಗೇಟಿನಾಚೆ ಚಹಾ ಮಾರುವವನಿಂದ. ಅವನು ಹಿಂದಿಯಲ್ಲಿ ಹೇಳಿದ ಮಾತಿನ ಅರ್ಥ ಇಷ್ಟು: "ಪಾಪ, ಆ ಕನ್ನಡದ ಮಾಮಾ ಒಳ್ಳೆಯವನಿದ್ದ."

ಕನ್ನಡದ ಮಾಮಾ! ಯಾದಗಿರಿ ಕಡೆಯವನಂತೆ.

ನಾನು ಪೊಲೀಸ್ ಸ್ಟೇಷನ್‌ಗೆ ಹೋದೆ, ಆದರೆ ಅವತ್ತೇ ಅಲ್ಲ. ಎರಡು ದಿನ ಹೆದರಿಕೊಂಡು ಮನೆಯಲ್ಲಿ ಕೂತು, ವಕೀಲ ಸ್ನೇಹಿತನನ್ನು ಜೊತೆಗೆ ಕರಕೊಂಡು ಹೋದೆ. ಅಲ್ಲಿ ನನಗೆ ಕುರ್ಚಿ ಕೊಟ್ಟರು. ಚಹಾ ಕೊಟ್ಟರು. ಓದಿದವರು ನೀವೇ ಹೀಗೆ ಮಾಡಿದರೆ ಹೇಗೆ ಅಂತ ನಕ್ಕು, ಒಂದು ಹೇಳಿಕೆ ಬರೆಸಿಕೊಂಡು ಕಳಿಸಿದರು. ಇಪ್ಪತ್ತು ನಿಮಿಷ. ಡಬ್ಬಿ ಇಟ್ಟವನಿಗೆ ಇಪ್ಪತ್ತು ನಿಮಿಷ ಮತ್ತು ಚಹಾ, ಇಡದೇ ಇದ್ದವನಿಗೆ ಬೆಳಗಿಂದ ಸಂಜೆ ನೆಲದ ಮೇಲೆ. ಯಾರಾದರೂ ನನ್ನನ್ನು ಬೈದಿದ್ದರೆ ಸ್ವಲ್ಪ ಹಗುರ ಆಗ್ತಿತ್ತು.

ಆಮೇಲೆ ಹುಡುಕಿದೆ. ಇನ್ನೊಂದು ಕಡೆ ಕಟ್ಟುತ್ತಿದ್ದ ಬಿಲ್ಡಿಂಗಿನ ಸಿಮೆಂಟ್ ಕಾಯುತ್ತಿದ್ದ. ಕನ್ನಡದಲ್ಲೇ ಹೇಳಿದೆ, ತಪ್ಪು ನನ್ನದು ಅಂತ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಆ ಡಬ್ಬಿ ನಿಮ್ಮದೇನ್ರಿ ಸಾಹೇಬ್ರ? ನಾ ಅದನ್ನ ಯಾವಾಗೋ ನೋಡಿದ್ದೆರಿ. ಯಾರದೋ ಹರಕಿ ಇರಬೇಕು ಅನ್ಕೊಂಡು ಮುಟ್ಟಲಿಲ್ಲ. ಹುಡುಗ್ರು ಬಂದ್ರ ಬೈದು ಕಳಸ್ತಿದ್ದೆ" ಅಂದ. ನಾನು ಯಾರ ಕಣ್ಣಿಂದ ಅಡಗಿಸುತ್ತಿದ್ದೆನೋ ಅವನೇ ಅದನ್ನು ಕಾಯುತ್ತಿದ್ದ. ದುಡ್ಡು ಕೊಡಹೋದೆ, ಮೊದಲು ಬೇಡ ಅಂದ, ಆಮೇಲೆ ತಗೊಂಡ. ಕಂಟ್ರಾಕ್ಟರ್ ಹತ್ತಿರವೂ ಹೋಗಿ ಮಾತಾಡಿದೆ. ಆ ಜಾಗಕ್ಕೆ ಬೇರೆಯವರು ಬಂದಾಯ್ತು ಅಂದ.

ಇದನ್ನು ಆಟದ ಹಳೇ ಗೆಳೆಯರಿಗೆ ಹೇಳಿದಾಗ ಒಬ್ಬೊಬ್ಬರೂ ಅಂದದ್ದು ಒಂದೇ ಮಾತು: ನಿಯಮ ಇದೆಯಲ್ಲ, ನೀನು ಅನುಮತಿ ತಗೋಬೇಕಿತ್ತು. ಹೌದು, ನಿಯಮ ಇದೆ. ಡಬ್ಬಿಯನ್ನು ಹೂಳಬಾರದು, ಒಂದರಿಂದ ಇನ್ನೊಂದಕ್ಕೆ 161 ಮೀಟರ್ ಇರಬೇಕು, ಜಾಗದವರ ಒಪ್ಪಿಗೆ ಬೇಕು. ಆ ಉದ್ಯಾನದ 'ಜಾಗದವರು' ಯಾರು? ಕಾಗದದ ಮೇಲೆ ಪಾಲಿಕೆ. ಆದರೆ ಏನಾದರೂ ಹೆಚ್ಚುಕಮ್ಮಿ ಆದರೆ ಉತ್ತರ ಕೊಡಬೇಕಾದವರು ವಾಚ್‌ಮನ್, ಕಸದವಳು, ಗೇಟಿನ ಚಹಾದವನು. ವಾರ್ಡ್ ಆಫೀಸಿಗೆ ಹೋಗಿ ಗೋಡೆ ಸಂದಿಯಲ್ಲಿ ಡಬ್ಬಿ ಇಡಬಹುದಾ ಅಂತ ಅರ್ಜಿ ಕೊಟ್ಟವರು ನಮ್ಮಲ್ಲಿ ಒಬ್ಬರೂ ಇಲ್ಲ, ಕೊಟ್ಟಿದ್ದರೆ ಏನು ಉತ್ತರ ಬರುತ್ತಿತ್ತು ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಕೇಳಲಿಲ್ಲ.

ಇನ್ನು ಕೆಲವರು, ಇದು ಬರೀ ನಮ್ಮ ದೇಶದ ಪೊಲೀಸರ ಮೊಂಡುತನ ಅಂತಾರೆ. ಅಲ್ಲ. ಅದೇ 2011ರ ಜುಲೈನಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ವೆದರ್‌ಬಿ ಅನ್ನೋ ಚಿಕ್ಕ ಊರಲ್ಲಿ ಕೆಫೆಯೊಂದರ ಹತ್ತಿರ ಯಾರೋ ಇಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಸೈನ್ಯದ ಬಾಂಬ್ ದಳ ಬಂದು ಸಿಡಿಸಿ ಹಾಕಿತು. ಅಷ್ಟು ಸಣ್ಣ ಊರಲ್ಲೇ ಹೀಗಾದರೆ ನಮ್ಮ ಊರಲ್ಲಿ ಏನು ನಿರೀಕ್ಷೆ ಮಾಡ್ತೀರಿ?

ಲೆಕ್ಕದ ಹುಚ್ಚಿನ ಬಗ್ಗೆ ಹೆಚ್ಚು ಬರೆಯಲ್ಲ, ಅದು ಎಲ್ಲ ಹವ್ಯಾಸಕ್ಕೂ ಅಂಟೋ ರೋಗ. ನೆವಾಡಾ ಮರುಭೂಮಿಯ ಹೆದ್ದಾರಿಯಲ್ಲಿ 2010ರಲ್ಲಿ ಸಾವಿರಕ್ಕೂ ಹೆಚ್ಚು ಫಿಲ್ಮ್ ಡಬ್ಬಿಗಳನ್ನು ಸಾಲಾಗಿ ಇಟ್ಟರು. ಜನ ಕಾರಿನಿಂದ ಇಳಿದು, ಸಹಿ ಹಾಕಿ, ಮತ್ತೆ ಹತ್ತಿ, ಒಂದೇ ದಿನಕ್ಕೆ ನೂರಾರು 'ಹುಡುಕಿದರು'. ನನ್ನದು ಒಟ್ಟು 412. ಅದರಲ್ಲಿ ನೆನಪಿರೋದು ಹತ್ತೋ ಹನ್ನೆರಡೋ.

ಡಬ್ಬಿ ಇಲ್ಲದ ಆಟವೂ ಇದೆ, ಅದನ್ನು ಒಪ್ತೀನಿ. 2004ರಿಂದ ಅರ್ಥ್‌ಕ್ಯಾಶ್ ಅಂತ ಇದೆ. ಜಾಗಕ್ಕೆ ಹೋಗಿ ಕಲ್ಲು ನೋಡಿ ಪ್ರಶ್ನೆಗೆ ಉತ್ತರ ಬರೀಬೇಕು, ಏನೂ ಇಡೋ ಹಾಗಿಲ್ಲ. ಅಂಧೇರಿಯ ಗಿಲ್ಬರ್ಟ್ ಹಿಲ್ ಕಂಬಗಳ ಹಾಗೆ ಸೀಳಿ ನಿಂತ ಕಪ್ಪು ಕಲ್ಲಿನ ಗುಡ್ಡ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಅದನ್ನು ಕಂಡ ತಕ್ಷಣ ಊರು ನೆನಪಾಗುತ್ತೆ. ಮೇಲೆ ಗುಡಿ ಇದೆ, ಮೆಟ್ಟಿಲಿದೆ. ಅಲ್ಲಿಗೆ ಹೋಗೋಕೆ ಜಿಪಿಎಸ್ ಯಾಕೆ, ರಿಕ್ಷಾದವನನ್ನು ಕೇಳಿದರೆ ಸಾಕು. ಆದರೆ ಕೇಳೋದೇ ಈ ಆಟದಲ್ಲಿ ಸೋಲು. ಏಳು ವರ್ಷ ನಾನು ಈ ಊರಿನ ಮೂಲೆಮೂಲೆ ತಿರುಗಿದೆ, ದಶಾಂಶದ ಮೂರನೇ ಅಂಕಿವರೆಗೆ ಜಾಗ ಗೊತ್ತಿತ್ತು. ಒಬ್ಬ ಮನುಷ್ಯನ ಹೆಸರು ಗೊತ್ತಿರಲಿಲ್ಲ.

ಉಳಿದ ಆರು ಡಬ್ಬಿಗಳಲ್ಲಿ ಐದನ್ನು ಅದೇ ವಾರ ಹೋಗಿ ತೆಗೆದುಕೊಂಡು ಬಂದು, ಪಟ್ಟಿಯಿಂದ ಅಳಿಸಿದೆ. ಆರನೆಯದು ಮಳೆಗೆ ಗುಡ್ಡ ಜರಿದು ಎಲ್ಲೋ ಹೋಗಿತ್ತು. ಎರಡು ಭಾನುವಾರ ಹುಡುಕಿದರೂ ಸಿಗಲಿಲ್ಲ.

ಹುಡುಗ ಎಲ್ಲ ಕೇಳಿ, "ನಾವು ಆಫೀಸ್ ಕ್ಯಾಂಪಸ್ ಒಳಗೇ ಇಡ್ತೀವಿ ಬಿಡಿ ಚಿಕ್ಕಪ್ಪಾ" ಅಂದ. ಅಲ್ಲಿ ವಾಚ್‌ಮನ್ ಇಲ್ವೇನೋ ಅಂದೆ. ಸುಮ್ಮನಾದ. ಕೊನೆಗೆ ಇಟ್ರೆಕ್ಸ್ ಹುಡುಕಿ ಕೊಟ್ಟೆ, ಒಳಗಿನ ಸೆಲ್ಲು ಎರಡೂ ಸೋರಿ ಹಸಿರುಗಟ್ಟಿತ್ತು. ಡಬ್ಬಿಗಳನ್ನೂ ಕೊಡಿ ಅಂದ. ಅವು ಈಗ ಅಡುಗೆಮನೆಯಲ್ಲಿವೆ, ನಿನ್ನ ಚಿಕ್ಕಮ್ಮ ಹುಣಸೆಹಣ್ಣು ತುಂಬಿದ್ದಾಳೆ ಅಂತ ಹೇಳಿದೆ.