ಮುಖದ ಕೂದಲು, ಲೇಸರ್, ಮತ್ತೆ "ಪರ್ಮನೆಂಟ್" ಅನ್ನೋ ಮಾತು

(1/6)
ಹೋದ ವಾರ ಸ್ಟೋರಿಯಲ್ಲಿ "ಏನ್ ಬೇಕಾದ್ರೂ ಕೇಳಿ" ಅಂತ ಬಾಕ್ಸ್ ಹಾಕಿದ್ದೆ. ಕಾಸ್ಟಿಂಗ್ ನೋಟ್ಸ್ ಕೇಳಿದವರು ಇಬ್ಬರೇ. ಹನ್ನೊಂದು ಜನ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕಾ, ಮುಖಕ್ಕೆ ಲೇಸರ್ ಮಾಡಿಸ್ಕೊಂಡ್ರಂತೆ, ನಿಜಾನಾ? ನೋವಾಗುತ್ತಾ? ಪೂರ್ತಿ ಹೋಗುತ್ತಾ?"

ನಿಜ. ಮೇಲ್ತುಟಿ ಮತ್ತೆ ಗಲ್ಲ. ಈಗ ಐದು ಸಿಟಿಂಗ್ ಆಗಿದೆ. ನೋವಾಗುತ್ತೆ. ಪೂರ್ತಿ ಹೋಗಲ್ಲ.

ಅಷ್ಟು ಸಾಕು ಅನ್ನೋರು ಸ್ಕ್ರೋಲ್ ಮಾಡ್ಕೊಂಡು ಮುಂದೆ ಹೋಗಿ. ಉಳಿದವರಿಗೆ ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಲೇಸರ್ ಮಾಡಿಸ್ಕೊಳ್ಳೋದು ತಪ್ಪೂ ಅಲ್ಲ, ನಾಚಿಕೆ ಪಡೋ ವಿಷಯವೂ ಅಲ್ಲ. ಆದ್ರೆ ಅದನ್ನ ನಮ್ಮ ವಯಸ್ಸಿನವರಿಗೆ ಮಾರ್ತಿರೋ ರೀತಿ ಸರಿ ಇಲ್ಲ. ಇನ್ನೊಂದು: ಗಲ್ಲದಲ್ಲಿ ದಪ್ಪ ಕೂದಲು ಬರ್ತಿದ್ರೆ ಮೊದಲು ಹೋಗ್ಬೇಕಾದ್ದು ಲೇಸರ್ ಮೆಷಿನ್ ಹತ್ರ ಅಲ್ಲ. ಇದು ಗೊತ್ತಾಗೋಕೆ ನನಗೆ ಒಂಬತ್ತು ಸಾವಿರ ರೂಪಾಯಿ ಮತ್ತೆ ಗಲ್ಲದ ಮೇಲೊಂದು ಕಂದು ಕಲೆ ಖರ್ಚಾಯ್ತು.

(2/6)
ಸೆಕೆಂಡ್ ಪಿಯುನಲ್ಲಿ ಹಿಂದಿನ ಬೆಂಚಿಂದ ಒಬ್ಬ "ಏನ್ ಸಾರ್, ಮೀಸೆ ಜೋರು" ಅಂದಿದ್ದ. ಎಲ್ಲರೂ ನಕ್ಕಿದ್ರು, ನಾನೂ ನಕ್ಕಿದ್ದೆ. ಮನೆಗೆ ಬಂದು ಅಮ್ಮನ ಹತ್ರ ಜಗಳ ಆಡಿದ್ದೆ, ಯಾಕೆ ಅಂತ ಅವರಿಗೆ ಈಗಲೂ ಗೊತ್ತಿಲ್ಲ. (ಅಮ್ಮಾ, ಇದನ್ನ ಓದ್ತಿದ್ರೆ, ಇದೇ ಕಾರಣ.) ಅಜ್ಜಿ ಪ್ರಕಾರ ತಪ್ಪು ಅಮ್ಮನದೇ. ಹುಟ್ಟಿದಾಗ ಮೈಗೆ ಹಿಟ್ಟು ಉಜ್ಜಿ ಸ್ನಾನ ಮಾಡಿಸಿದ್ರೆ ಇದೆಲ್ಲ ಬರ್ತಿರಲಿಲ್ಲವಂತೆ.

ಆಮೇಲೆ ಹತ್ತು ದಿನಕ್ಕೊಮ್ಮೆ ಥ್ರೆಡಿಂಗ್. ಡಿಗ್ರಿ ಸೆಕೆಂಡ್ ಇಯರ್‌ನಲ್ಲಿ, ದಸರಾ ಟೈಮ್‌ನಲ್ಲಿ, ನಮ್ಮ ಏರಿಯಾದ ಒಂದು ಪಾರ್ಲರ್ ಮುಂದೆ ಬೋರ್ಡ್ ನೋಡ್ದೆ: ಹಬ್ಬದ ಆಫರ್, ಆರು ಸಿಟಿಂಗ್ ಒಂಬತ್ತು ಸಾವಿರ, "ಪರ್ಮನೆಂಟ್". ಟ್ಯೂಷನ್ ಹೇಳಿ ಕೂಡಿಟ್ಟಿದ್ದ ದುಡ್ಡು ಪೂರ್ತಿ ಒಂದೇ ಸಲ ಕಟ್ದೆ. ರೀಫಂಡ್ ಇಲ್ಲ ಅಂತ ರಸೀದಿ ಕೆಳಗೆ ಸಣ್ಣಕ್ಷರದಲ್ಲಿ ಇತ್ತು, ಓದಲೇ ಇಲ್ಲ. ಬಿಕಾಂ ವಿದ್ಯಾರ್ಥಿನಿ!

ಮೊದಲ ಸಿಟಿಂಗ್‌ಗೆ ಮೂರು ದಿನ ಮುಖ ಕೆಂಪಗೆ ಉರೀತು. "ಫಸ್ಟ್ ಟೈಮ್ ಹಾಗೇ ಆಗೋದು" ಅಂದ್ರು. ಮನಸ್ಸಿಗೆ ಸರಿ ಅನ್ನಿಸಲಿಲ್ಲ. ಆದ್ರೂ ಎರಡನೇದಕ್ಕೆ ಹೋದೆ, ಯಾಕಂದ್ರೆ ದುಡ್ಡು ಕಟ್ಟಾಗಿತ್ತಲ್ಲ. ತಮಾಷೆ ಏನ್ ಗೊತ್ತಾ, ಅದೇ ತಿಂಗಳು ಇಂಟರ್ನಲ್ಸ್‌ನಲ್ಲಿ ಸಂಕ್ ಕಾಸ್ಟ್ ಬಗ್ಗೆ ಐದು ಮಾರ್ಕ್ಸ್ ಉತ್ತರ ಬರೆದಿದ್ದೆ. ಖರ್ಚಾಗಿ ಹೋಗಿರೋ ದುಡ್ಡನ್ನ ಮುಂದಿನ ನಿರ್ಧಾರಕ್ಕೆ ಲೆಕ್ಕ ಹಿಡೀಬಾರದು ಅಂತ. ಐದಕ್ಕೆ ಐದು ಬಂದಿತ್ತು.

ಎರಡನೇ ಸಿಟಿಂಗ್‌ಗೆ ಮುಂಚೆ ಒಂದು ವಾರ ಎನ್‌ಎಸ್‌ಎಸ್ ಕ್ಯಾಂಪ್‌ನಲ್ಲಿ ಬಿಸಿಲಲ್ಲಿ ಇದ್ದೆ. ಮುಖ ಕಪ್ಪಾಗಿತ್ತು. ಯಾರೂ ಕೇಳಲಿಲ್ಲ. ಮೆಷಿನ್ ಇಟ್ರು. ರಾತ್ರಿಗೆ ಗಲ್ಲದಲ್ಲಿ ಬೊಬ್ಬೆ, ಆಮೇಲೆ ಎಂಟಾಣೆ ಅಗಲ ಕಂದು ಕಲೆ. ಅದು ಮಾಯೋಕೆ ಐದು ತಿಂಗಳು ಬೇಕಾಯ್ತು. ಕೂದಲು ಮಾತ್ರ ಹಾಗೇ ಇತ್ತು.

(3/6)
ಯಾಕೆ ಸುಟ್ಟಿತು ಅನ್ನೋದು ಆಮೇಲೆ ಚರ್ಮದ ಡಾಕ್ಟ್ರು ವಿವರಿಸಿದ್ರು. ಇದು ಅರ್ಥ ಆದ್ರೆ ಉಳಿದದ್ದೆಲ್ಲ ತಾನಾಗೇ ಅರ್ಥ ಆಗುತ್ತೆ, ಸ್ವಲ್ಪ ತಾಳ್ಮೆಯಿಂದ ಓದಿ.

ಲೇಸರ್ ಬೆಳಕು ಹುಡುಕೋದು ಕಪ್ಪು ಬಣ್ಣವನ್ನ, ಅಂದ್ರೆ ಮೆಲನಿನ್. ಕೂದಲಲ್ಲಿರೋ ಮೆಲನಿನ್ ಆ ಬೆಳಕನ್ನ ಹೀರಿಕೊಂಡು ಬಿಸಿ ಆಗುತ್ತೆ, ಆ ಬಿಸಿಗೆ ಬೇರು ಹಾಳಾಗುತ್ತೆ. ಬಿಳಿ ಚರ್ಮ, ಕಪ್ಪು ಕೂದಲು ಇದ್ರೆ ಸುಲಭ. ನಮ್ಮ ಚರ್ಮದಲ್ಲೂ ಮೆಲನಿನ್ ಜಾಸ್ತಿ. ತಪ್ಪು ಮೆಷಿನ್ ಇಟ್ರೆ, ಅಥವಾ ಬಿಸಿಲಿಗೆ ಕಪ್ಪಾಗಿರೋ ಮುಖಕ್ಕೆ ಇಟ್ರೆ, ಬೇರಿನ ಜೊತೆ ಚರ್ಮವೂ ಸುಡುತ್ತೆ. ಹಾಗಾಗಿ ನಮ್ಮಂಥ ಬಣ್ಣಕ್ಕೆ ಉದ್ದ ತರಂಗಾಂತರದ ಲೇಸರ್ ಸುರಕ್ಷಿತ: 1064 ನ್ಯಾನೋಮೀಟರ್‌ನ ಎನ್‌ಡಿ ಯಾಗ್, ಇಲ್ಲಾಂದ್ರೆ ಸರಿಯಾಗಿ ಸೆಟ್ ಮಾಡಿದ ಡಯೋಡ್. "ಲೇಸರ್" ಅಂತ ಹೇಳಿ ಐಪಿಎಲ್ ಮೆಷಿನ್ ಇಡೋರೂ ಇದ್ದಾರೆ. ಕ್ರಿಕೆಟ್ ಅಲ್ಲ, ಅದು ಹಲವು ತರಂಗಾಂತರದ ಬೆಳಕು ಒಟ್ಟಿಗೆ ಬಿಡೋ ಮೆಷಿನ್. ಅದು ಲೇಸರ್ ಅಲ್ಲವೇ ಅಲ್ಲ. "ಯಾವ ಮೆಷಿನ್?" ಅಂತ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದ್ರೆ ಎದ್ದು ಬನ್ನಿ.

ಬೆಳ್ಳಗಾಗಿರೋ ಕೂದಲಿಗೆ ಇದು ಕೆಲಸ ಮಾಡಲ್ಲ, ಹಿಡಿಯೋಕೆ ಬಣ್ಣವೇ ಇಲ್ಲವಲ್ಲ. ತೆಳ್ಳನೆ ರೋಮಕ್ಕೂ ಅಷ್ಟೇ. ಅಂಥ ಕಡೆ ಸುಮ್ನೆ ಲೇಸರ್ ಇಟ್ರೆ ಕೆಲವರಿಗೆ ಉಲ್ಟಾ ಹೊಡೆಯುತ್ತೆ, ಕೂದಲು ಇನ್ನೂ ಜಾಸ್ತಿ ಬರುತ್ತೆ. ಇದು ಗಾಳಿಮಾತಲ್ಲ, ಡಾಕ್ಟ್ರುಗಳಿಗೆ ಚೆನ್ನಾಗಿ ಗೊತ್ತಿರೋ ಅಡ್ಡಪರಿಣಾಮ. ಮುಖ, ಕತ್ತಿನ ಭಾಗದಲ್ಲಿ, ಅದರಲ್ಲೂ ನಮ್ಮಂಥ ಚರ್ಮದವರಲ್ಲಿ, ಹಾರ್ಮೋನ್ ತೊಂದರೆ ಇರೋರಲ್ಲಿ ಹೆಚ್ಚು ಕಾಣೋದು. ಬೋರ್ಡ್ ಮೇಲೆ ಇದನ್ನ ಯಾರೂ ಬರೆಯಲ್ಲ.

ಇನ್ನು ಯಾಕೆ ಆರೆಂಟು ಸಿಟಿಂಗ್? ಕೂದಲು ಸರದಿ ಮೇಲೆ ಬೆಳೆಯುತ್ತೆ. ಒಂದಷ್ಟು ಬೆಳೀತಿರುತ್ವೆ, ಒಂದಷ್ಟು ಉದುರೋಕೆ ರೆಡಿ, ಒಂದಷ್ಟು ಒಳಗೆ ಮಲಗಿರುತ್ವೆ. ಲೇಸರ್ ಒಂಥರಾ ಹಾಜರಿ ತಗೊಳ್ಳೋ ಮೇಷ್ಟ್ರು, ಅವತ್ತು ಕ್ಲಾಸಲ್ಲಿ ಕೂತಿರೋರಿಗೆ ಮಾತ್ರ ಏಟು. ಬಂಕ್ ಹೊಡೆದವರನ್ನ ಹಿಡಿಯೋಕೆ ನಾಲ್ಕರಿಂದ ಆರು ವಾರ ಬಿಟ್ಟು ಮತ್ತೆ ಬರ್ಬೇಕು. "ಎರಡೇ ಸಿಟಿಂಗ್‌ನಲ್ಲಿ ಕ್ಲೀನ್" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಮತ್ತೆ ಆ "ಪರ್ಮನೆಂಟ್". ಅಮೆರಿಕದ ಎಫ್‌ಡಿಎ ಕೂಡ ಇದಕ್ಕೆ ಒಪ್ಪಿರೋ ಪದ "ಶಾಶ್ವತವಾಗಿ ಕಡಿಮೆ ಆಗುತ್ತೆ" ಅಂತ. "ಶಾಶ್ವತವಾಗಿ ಹೋಗುತ್ತೆ" ಅಂತಲ್ಲ. ಒಂದು ಪದದ ವ್ಯತ್ಯಾಸ, ಆದ್ರೆ ಇಡೀ ವ್ಯಾಪಾರ ನಿಂತಿರೋದು ಆ ಪದದ ಮೇಲೇ.

(4/6)
ಹೇಗಿರುತ್ತೆ ಅಂತ ಕೇಳಿದ್ರಲ್ಲ. ಕಣ್ಣಿಗೆ ಕನ್ನಡಕ ಹಾಕ್ತಾರೆ, ತಣ್ಣಗಿನ ಜೆಲ್ ಹಚ್ತಾರೆ. ಆಮೇಲೆ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚಟ್ ಚಟ್. ಗಲ್ಲದಲ್ಲಿ ತಡ್ಕೋಬಹುದು. ಮೇಲ್ತುಟಿ ಮಾತ್ರ, ಮೂಗಿನ ಕೆಳಗೆ ಬಂದಾಗ, ಕಣ್ಣಲ್ಲಿ ನೀರು ಬಂದೇ ಬರುತ್ತೆ. ಕೂದಲು ಸುಟ್ಟ ವಾಸನೆ ಬರುತ್ತೆ, ಗಾಬರಿ ಬೇಡ. ನನ್ನದು ಹತ್ತು ನಿಮಿಷದ ಕೆಲಸ. ಆಮೇಲೆ ಕೆಲವು ಗಂಟೆ ಕೆಂಪು, ಬೇರಿನ ಸುತ್ತ ಸಣ್ಣ ಸಣ್ಣ ಗುಳ್ಳೆ ಥರ ಊತ. ಅಷ್ಟು ಸಹಜ. ಬೊಬ್ಬೆ ಸಹಜ ಅಲ್ಲ. ಬೊಬ್ಬೆ ಎದ್ರೆ ಅವತ್ತೇ ಡಾಕ್ಟ್ರಿಗೆ ತೋರ್ಸಿ, ನನ್ನ ಹಾಗೆ ಅಲೋವೆರಾ ಹಚ್ಕೊಂಡು ಕೂರ್ಬೇಡಿ.

ಮೊದಲ ವಾರ "ಏನೂ ಆಗಿಲ್ಲ, ಕೂದಲು ಬೆಳೀತಾನೇ ಇದೆ" ಅನ್ಸುತ್ತೆ. ಅದು ಸತ್ತ ಕೂದಲು ಹೊರಗೆ ಬರ್ತಿರೋದು. ಎರಡು ಮೂರು ವಾರದಲ್ಲಿ ಉದುರುತ್ತೆ. ಕೀಳ್ಬೇಡಿ.

ತಯಾರಿಯಲ್ಲಿ ನಮ್ಮ ಹುಡುಗೀರು ಎಡವೋದು ಒಂದೇ ಕಡೆ. ಲೇಸರ್‌ಗೆ ನಾಲ್ಕಾರು ವಾರ ಮುಂಚಿನಿಂದ ಥ್ರೆಡಿಂಗ್, ವ್ಯಾಕ್ಸಿಂಗ್, ಪ್ಲಕಿಂಗ್ ಯಾವುದೂ ಮಾಡ್ಬಾರದು, ಯಾಕಂದ್ರೆ ಬೇರೇ ಕಿತ್ತು ಬಂದ್ರೆ ಲೇಸರ್ ಹುಡುಕೋದು ಏನನ್ನ? ಬ್ಲೀಚ್ ಮಾಡಿ ಬಣ್ಣ ತೆಗೆದ್ರೂ ಅದೇ ಕಥೆ. ಮಧ್ಯೆ ಬೇಕಾದ್ರೆ ಶೇವ್ ಮಾಡಿ. ಹೌದು, ಮುಖಕ್ಕೆ, ರೇಜರ್. "ಶೇವ್ ಮಾಡಿದ್ರೆ ದಪ್ಪ ಬರುತ್ತೆ" ಅನ್ನೋದು ಸುಳ್ಳು. ತುದಿ ಮೊಂಡಾಗಿ ಕತ್ತರಿಸಿರೋದ್ರಿಂದ ಕೈಗೆ ಒರಟು ಅನ್ಸುತ್ತೆ, ಅಷ್ಟೇ. ಮೊದಲ ಸಲ ಅಪ್ಪ ಮನೇಲಿಲ್ಲದಾಗ ಬಾತ್‌ರೂಮ್ ಚಿಲಕ ಹಾಕ್ಕೊಂಡು, ಕಳ್ಳತನ ಮಾಡೋ ಥರ ಶೇವ್ ಮಾಡಿದ್ದೆ. ಈಗ ಸೋಪ್ ಪಕ್ಕದಲ್ಲೇ ನನ್ನ ರೇಜರ್ ಇದೆ.

ಉಳಿದದ್ದು: ದಿನಾ ಸನ್‌ಸ್ಕ್ರೀನ್, ಮಳೆಗಾಲದಲ್ಲೂ. ಮೊಡವೆಗೆ ಮಾತ್ರೆ ತಗೋತಿದ್ರೆ, ತುಟಿ ಮೇಲೆ ಸರ್ಪಸುತ್ತಿನಂಥ ಗುಳ್ಳೆ ಏಳೋ ಅಭ್ಯಾಸ ಇದ್ರೆ ಮೊದಲೇ ಹೇಳಿ. ಮೊದಲು ಚಿಕ್ಕ ಜಾಗದಲ್ಲಿ ಟೆಸ್ಟ್ ಮಾಡಿಸಿ.

(5/6)
ಈಗ ನನ್ನ ಸಬ್ಜೆಕ್ಟ್. "ಒಂದು ಸಲ ಖರ್ಚು ಮಾಡಿದ್ರೆ ಜೀವನಪೂರ್ತಿ ಥ್ರೆಡಿಂಗ್ ದುಡ್ಡು ಉಳಿಯುತ್ತೆ" ಅಂತ ರೀಲ್ಸ್ ಬರ್ತಾವಲ್ಲ, ಲೆಕ್ಕ ಹಾಕಿ ನೋಡೋಣ.

ನನ್ನ ಥ್ರೆಡಿಂಗ್: ಒಂದು ಸಲಕ್ಕೆ 70 ರೂಪಾಯಿ, ವರ್ಷಕ್ಕೆ 36 ಸಲ, 2,520 ರೂಪಾಯಿ. ಈಗಿನ ಕ್ಲಿನಿಕ್‌ನಲ್ಲಿ ಒಂದು ಸಿಟಿಂಗ್‌ಗೆ 2,500, ಆರಕ್ಕೆ 15,000. ಅಂದ್ರೆ ಥ್ರೆಡಿಂಗ್ ಖರ್ಚಿಗೆ ಸಮ ಆಗೋಕೇ ಸುಮಾರು ಆರು ವರ್ಷ ಬೇಕು. ಅದೂ ಮತ್ತೆ ಹೋಗದೇ ಇದ್ರೆ. ನನ್ನಂಥವರು ವರ್ಷಕ್ಕೆ ಎರಡು ಸಲ ಮೇಂಟೆನೆನ್ಸ್‌ಗೆ ಹೋಗ್ಬೇಕಾಗ್ಬಹುದು ಅಂದಿದ್ದಾರೆ, ಅದು 5,000. ಥ್ರೆಡಿಂಗ್‌ಗಿಂತ ಡಬಲ್. ಬ್ರೇಕ್ ಈವನ್ ಪಾಯಿಂಟ್ ಬರೋದೇ ಇಲ್ಲ!

ಹಾಗಾದ್ರೆ ಯಾಕೆ ಮಾಡಿಸ್ಕೋತಿದೀನಿ? ಹತ್ತು ದಿನಕ್ಕೊಮ್ಮೆ ಗಲ್ಲ ತಡವಿ ನೋಡ್ಕೊಳ್ಳೋದು ತಪ್ಪಿದೆ. ಕೀಳಿಸಿ ಕೀಳಿಸಿ ಆಗ್ತಿದ್ದ ಒಳಗೂದಲು, ಗುಳ್ಳೆ ನಿಂತಿವೆ. ಪ್ರೆಸೆಂಟೇಷನ್ ದಿನ ಕೈ ಗಲ್ಲದ ಮೇಲೆ ಇಟ್ಕೊಂಡು ಮಾತಾಡಲ್ಲ. ಅದಕ್ಕೆ ದುಡ್ಡು ಕೊಡ್ತಿದೀನಿ, ಗೊತ್ತಿದ್ದೇ ಕೊಡ್ತಿದೀನಿ. ಆದ್ರೆ ಅದನ್ನ ಉಳಿತಾಯ ಅಂತ ಕರೆಯಬೇಡಿ. ಇಎಂಐ ಮೇಲಂತೂ ಬೇಡವೇ ಬೇಡ. ಪ್ಯಾಕೇಜ್ ಪೂರ್ತಿ ಮುಂಗಡ ಕಟ್ಟಬೇಡಿ, ಒಂದೊಂದು ಸಿಟಿಂಗ್‌ಗೆ ಕಟ್ಟಿ, ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ. ಇಷ್ಟ ಇಲ್ಲದಾಗ ಎದ್ದು ಬರೋ ಹಕ್ಕಿಗೆ ಕೊಡೋ ಬೆಲೆ ಅದು. ಜಿಎಸ್‌ಟಿ ಸೇರಿ ಎಷ್ಟು ಅಂತ ಮೊದಲೇ ಕೇಳಿ, ಬಿಲ್ ತಗೊಳ್ಳಿ. ಕ್ಲಿನಿಕ್‌ಗೆ ಕೆಪಿಎಂಇ ನೋಂದಣಿ ಇದೆಯಾ, ಚರ್ಮರೋಗದ ಡಾಕ್ಟ್ರು ನಿಜವಾಗಿ ಅಲ್ಲಿ ಇರ್ತಾರಾ ಅಥವಾ ಹೆಸರು ಬೋರ್ಡ್ ಮೇಲೆ ಮಾತ್ರಾನಾ, ನೋಡಿ.

(6/6)
ಕಲೆ ತೋರಿಸೋಕೆ ಅಂತ ಡಾಕ್ಟ್ರ ಹತ್ರ ಹೋದಾಗ ಅವರು ಮೊದಲು ಕೇಳಿದ್ದು ಕಲೆ ಬಗ್ಗೆ ಅಲ್ಲ. "ಪೀರಿಯಡ್ಸ್ ಸರಿಯಾಗಿ ಆಗ್ತಿದೆಯಾಮ್ಮಾ?" ಅಂದ್ರು. ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಆಗ್ತಿತ್ತು. ಟೆನ್ಷನ್‌ಗೆ ಇರಬೇಕು ಅಂತ ನಾವೆಲ್ಲ ಸುಮ್ಮನಿದ್ವಿ. ಬ್ಲಡ್ ಟೆಸ್ಟ್, ಸ್ಕ್ಯಾನಿಂಗ್ ಆಯ್ತು. ಪಿಸಿಒಎಸ್.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿದ್ದ ಅಂದಾಜಿನ ಪ್ರಕಾರ ಮುಟ್ಟಾಗೋ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 8ರಿಂದ 13 ಜನರಿಗೆ ಇದು ಇರುತ್ತೆ, ತುಂಬಾ ಜನಕ್ಕೆ ಇದೆ ಅಂತಲೇ ಗೊತ್ತಿರಲ್ಲ. ನಮ್ಮ ಸೆಕ್ಷನ್‌ನಲ್ಲಿ ನಲವತ್ತೆರಡು ಹುಡುಗೀರಿದ್ದೀವಿ. ನೀವೇ ಲೆಕ್ಕ ಹಾಕಿ. ಲೇಸರ್ ಇರೋ ಬೇರನ್ನ ಸುಡಬಹುದು. ಆದ್ರೆ ಒಳಗೆ ಹಾರ್ಮೋನ್ ಏರುಪೇರು ಹಾಗೇ ಇದ್ರೆ ತೆಳ್ಳಗಿದ್ದ ಬೇರೆ ರೋಮ ದಪ್ಪ ಆಗ್ತಾನೇ ಇರುತ್ತೆ. ಆ ಪಾರ್ಲರ್‌ನಲ್ಲಿ ಆರಲ್ಲ ಅರವತ್ತು ಸಿಟಿಂಗ್ ಮಾಡಿದ್ರೂ ಇದು ಗೊತ್ತಾಗ್ತಿರಲಿಲ್ಲ. ಮತ್ತೆ ಪಿಸಿಒಎಸ್ ಕೂದಲಿನ ವಿಷಯ ಮಾತ್ರ ಅಲ್ಲ, ಮುಂದೆ ಶುಗರ್ ಬರೋ ಅಪಾಯವೂ ಅದರ ಜೊತೆಗೇ ಇದೆ. ನನಗೆ ಸಿಟ್ಟು ಬರೋದು ಇಲ್ಲೇ. ಮೈ ಒಂದು ಸೂಚನೆ ಕೊಡ್ತಿತ್ತು, ಅದನ್ನ ಆಫರ್ ಹಾಕಿ ಅಳಿಸೋಕೆ ಹೊರಟಿದ್ವಿ.

ಎಲ್ಲರಿಗೂ ಪಿಸಿಒಎಸ್ ಇರುತ್ತೆ ಅಂತಲ್ಲ. ಮೇಲ್ತುಟಿ ಮೇಲೆ ನಾಲ್ಕು ಕೂದಲು ಇರೋದು ಕಾಯಿಲೆ ಅಲ್ಲ, ಅದು ಮನುಷ್ಯರ ಮುಖ. ಮನೆತನದಿಂದಲೂ ಬರುತ್ತೆ. ಬೇಡ ಅನ್ನಿಸಿದ್ರೆ ಹಾಗೇ ಬಿಡಿ. 2024ರಲ್ಲಿ ಉತ್ತರ ಪ್ರದೇಶದ ಹತ್ತನೇ ಕ್ಲಾಸ್ ಹುಡುಗಿ ರಾಜ್ಯಕ್ಕೇ ಮೊದಲು ಬಂದಾಗ ಜನ ನೋಡಿದ್ದು ಅವಳ ಮಾರ್ಕ್ಸ್ ಅಲ್ಲ, ಮೀಸೆ. ಆಮೇಲೆ ಒಂದು ರೇಜರ್ ಕಂಪನಿ ಅವಳಿಗೆ ಬೆಂಬಲ ಅಂತ ಪೇಪರ್‌ನಲ್ಲಿ ಜಾಹೀರಾತು ಬೇರೆ ಕೊಡ್ತು, ಅದಕ್ಕೂ ಜನ ಬೈದ್ರು. ಹುಡುಗರೇ, ನೀವೂ ಓದ್ತಿದೀರ ಅಂತ ಗೊತ್ತು. "ಏನ್ ಸಾರ್" ಅನ್ನೋದು ನಿಮಗೆ ಎರಡು ಸೆಕೆಂಡ್ ತಮಾಷೆ. ಅದರ ಬಿಲ್ ಎಷ್ಟಾಯ್ತು ಅಂತ ಮೇಲೆ ಬರೆದಿದೀನಿ.

ಹನ್ನೊಂದು ಜನರಲ್ಲಿ ಒಬ್ಬಳು ಕೇಳಿದ್ದಳು, ಫಸ್ಟ್ ಪಿಯು ಇರಬೇಕು: "ಅಮ್ಮಂಗೆ ಹೇಗೆ ಹೇಳ್ಲಿ ಅಕ್ಕಾ, ಬ್ಯೂಟಿ ಹುಚ್ಚು ಅಂತ ಬೈತಾರೆ." ಪುಟ್ಟಾ, ಲೇಸರ್ ಅನ್ನೋ ಪದವನ್ನೇ ಎತ್ತಬೇಡ. "ಅಮ್ಮಾ, ಪೀರಿಯಡ್ಸ್ ಸರಿಯಾಗಿ ಆಗ್ತಿಲ್ಲ, ಗಲ್ಲದಲ್ಲಿ ಕೂದಲು ಬರ್ತಿದೆ, ಒಂದ್ಸಲ ಡಾಕ್ಟ್ರಿಗೆ ತೋರ್ಸೋಣ" ಅನ್ನು. ಪ್ರೈವೇಟ್ ಫೀಸ್ ಕಷ್ಟ ಅಂದ್ರೆ ಮೈಸೂರಲ್ಲಿ ಕೆ.ಆರ್. ಆಸ್ಪತ್ರೆಯಲ್ಲಿ ಚರ್ಮದ ವಿಭಾಗ ಇದೆ, ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸ್ಬೇಕು. ಅಮ್ಮ ಆಗಲ್ಲ ಅಂದ್ರೆ ಡಿಎಂ ಮಾಡು, ಶನಿವಾರ ನನಗೆ ಮಧ್ಯಾಹ್ನದ ಮೇಲೇ ಕ್ಲಾಸ್ ಇರೋದು. ಜೊತೆಗೆ ಬರ್ತೀನಿ.