87ನೇ ನಿಮಿಷದ ವಿಲನ್!

ಹಾನಗಲ್ಲಿನ ಓದುಗ ಮಿತ್ರರೊಬ್ಬರ ಪತ್ರ: "ಗೆದ್ದರ ಕುಣೀತೀವಿ, ಸೋತರ ಅಳ್ತೀವಿ. ಡ್ರಾ ಆದ್ರ ಏನ್ ಮಾಡ್ಬೇಕ್ರೀ?" ಭಲೇ ಪ್ರಶ್ನೆ! ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂದರೆ ಕುಸ್ತಿ, ಕಬಡ್ಡಿ, ಕ್ರಿಕೆಟ್ಟಿನ ಸೀಮೆ. ಫುಟ್‌ಬಾಲ್ ಹುಚ್ಚು ಹಿಡಿದವರು ಕಡಿಮೆ. ನನಗೆ ಹಿಡಿದಿದೆ, ಅದಕ್ಕೇ ಹೇಳುತ್ತೇನೆ ಕೇಳಿ.

2015ರ ಮೇ 31, ರವಿವಾರ. ಬೆಂಗಳೂರಿನ ಕಂಠೀರವ ಸ್ಟೇಡಿಯಂ. ಐ-ಲೀಗಿನ ಕಡೇ ಮ್ಯಾಚು. ನಮ್ಮ ಬೆಂಗಳೂರು ಎಫ್‌ಸಿಗೆ ಎದುರಾಳಿ ಕೋಲ್ಕತ್ತೆಯ ಮೋಹನ್ ಬಾಗಾನ್. ಅವರ ಹತ್ತಿರ 38 ಪಾಯಿಂಟು, ನಮ್ಮ ಹತ್ತಿರ 36. ಗೆದ್ದರೆ ಕಪ್ಪು ನಮ್ಮದು, ಡ್ರಾ ಆದರೂ ಅವರದು!

ಶಿಗ್ಗಾಂವಿಯಿಂದ ರಾತ್ರಿ ಬಸ್ಸು ಹತ್ತಿ ಹೋಗಿದ್ದೆ. 41ನೇ ನಿಮಿಷಕ್ಕೆ ಜಾನ್ ಜಾನ್ಸನ್ ಗೋಲು ಹೊಡೆದ. ಡಿಫೆಂಡರ್ ನೋಡ್ರೀ ಅಂವ! ಅಲ್ಲಿಂದಲೇ ನನ್ನ ಸಂಕಟ ಶುರು. ಸೊನ್ನೆ-ಸೊನ್ನೆ ಇದ್ದಾಗ ಬರೀ ಆಸೆ. ಗೋಲು ಕೈಗೆ ಬಂದ ಮೇಲೆ ಭಯ. ಇಂಟರ್‌ವಲ್‌ಗೆ ಮೊದಲೇ ಹೀರೋ-ಹೀರೋಯಿನ್ ಒಂದಾದರೆ ಮುಂದೇನೋ ಕಾದಿದೆ ಅಂತ ನಿಮಗೂ ಗೊತ್ತಲ್ಲ? ಚೆಂಡು ನೋಡಿದ್ದಕ್ಕಿಂತ ಗಡಿಯಾರ ನೋಡಿದ್ದೇ ಜಾಸ್ತಿ. 80 ಆಯಿತು, 85 ಆಯಿತು... 87ನೇ ನಿಮಿಷಕ್ಕೆ ಸೋನಿ ನಾರ್ಡೆಯ ಕಾರ್ನರ್, ಬೆಲ್ಲೋ ರಜಾಕ್ ಹಾರಿ ತಲೆ ಕೊಟ್ಟ. 1-1. ಅವನೂ ಡಿಫೆಂಡರೇ!

ಮೊದಲು ಸಿಟ್ಟು ಬಂತು. ಎರಡನೇ ಗೋಲು ಹೊಡೆದು ಬಾಗಿಲು ಹಾಕಬಾರದಿತ್ತೇ? ಬೋರ್ಡಿನ ಮೇಲೆ ನಾವು ಸೋತೇ ಇಲ್ಲ, ಅದೇ ಇನ್ನಷ್ಟು ಉರಿ. ಸೋತಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು.

ಆದರೆ ಆ ಕಡೆ ನೋಡಿದರೆ, ಹಸಿರು-ಮರೂನ್ ಜರ್ಸಿ ಹಾಕಿದ ಮೀಸೆ ಹೊತ್ತ ಗಂಡಸರು ಮಕ್ಕಳ ಹಾಗೆ ಅಳುತ್ತಿದ್ದಾರೆ. 1889ರ ಕ್ಲಬ್ಬು ಅದು. ದೇಶದ ಲೀಗ್ ಗೆದ್ದು 13 ವರ್ಷವಾಗಿತ್ತು. ನಾವೋ, 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿಗೇ ಕಪ್ಪು ಎತ್ತಿದವರು. ಹೊಟ್ಟೆ ಉರಿಯಿತು, ಕರುಳೂ ಚುರ್ ಅಂದಿತು. ಎರಡೂ ಒಟ್ಟಿಗೇ! ಚಪ್ಪಾಳೆ ಮಾತ್ರ ತಟ್ಟಲಿಲ್ಲ, ಅಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಇನ್ನು ಈ ಆಟದ ಸಹವಾಸ ಬೇಡ ಅಂದುಕೊಂಡೆನೇ? ಇಲ್ಲ ಸ್ವಾಮಿ. 'ನಾಗರಹಾವು' ಕೊನೆಯಲ್ಲಿ ರಾಮಾಚಾರಿ ಉಳಿಯುವುದಿಲ್ಲ ಅಂತ ಗೊತ್ತಿದ್ದೂ ಮತ್ತೆ ಮತ್ತೆ ಟಿಕೆಟ್ ತೆಗೆದ ಜನ ನಾವು! 2016ರಲ್ಲಿ ಕಪ್ಪು ವಾಪಸ್ ಬಂತು, ಆ ಖುಷಿ ಬೇರೆ.

2023ರ ಮಾರ್ಚ್ 18ರಂದು ಗೋವಾದಲ್ಲಿ ಐಎಸ್‌ಎಲ್ ಫೈನಲ್, ಎದುರಿಗೆ ಮತ್ತೆ ಅದೇ ಬಾಗಾನ್. ಪೆನಾಲ್ಟಿ ಶೂಟೌಟಿನಲ್ಲಿ 4-3ಕ್ಕೆ ಸೋತೆವು, ಅದು ಬಿಡಿ. ಅದಕ್ಕೂ ಮುಂಚಿನದು ಕೇಳಿ. ಸವಣೂರಿನ ಚಹಾದಂಗಡಿಯ ಟಿವಿ ಮುಂದೆ ಗಿರಮಿಟ್ ತಿನ್ನುತ್ತ ಕೂತಿದ್ದೆ. 78ನೇ ನಿಮಿಷಕ್ಕೆ ರಾಯ್ ಕೃಷ್ಣ ಗೋಲು ಹೊಡೆದು 2-1 ಮಾಡಿದ. ಪಕ್ಕದಲ್ಲಿದ್ದ ಹಿರೇಕೆರೂರಿನ ಹುಡುಗ, "ಮುಗೀತಲ್ಲಣ್ಣಾರ, ಗೆದ್ವಿ!" ಅಂತ ಎದ್ದು ನಿಂತ. "87 ದಾಟಲಿ, ಸುಮ್ನ ಕೂಡ್ರೋ" ಅಂದೆ. 85ಕ್ಕೇ ಪೆಟ್ರಾಟೋಸ್ ಪೆನಾಲ್ಟಿ ಹೊಡೆದು 2-2 ಮಾಡಿಬಿಟ್ಟ. ಆ ಹುಡುಗ ಟಿವಿ ಬಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದ, ನಾನೇ ಶಾಪ ಹಾಕಿದವನ ಹಾಗೆ!